ಸೂಜಿ ಮೊನೆಯಲ್ಲಿ 36 ಸಾವಿರ ಸುತ್ತು

ಅಂಗೈಯಲ್ಲಿ ಕೂರುವ ಇಂಜಿನ್. ಒಂದು ಚಮಚ ನೀರೂ ಹಿಡಿಯದ ಸಿಲಿಂಡರ್. ತಾಕತ್ತು ಮಾತ್ರ ಎರಡು ಅಶ್ವಶಕ್ತಿಗೂ ಮಿಗಿಲು! ನಮ್ಮ ಬೈಕುಗಳಿಂದ ಕಾರ್ಬುರೇಟರ್ ಕಣ್ಮರೆಯಾದರೂ, ನೈಟ್ರೊಮೀಥೇನ್ ಬೆರೆತ ಇಂಧನದಲ್ಲಿ ಓಡುವ ರೇಡಿಯೊ ನಿಯಂತ್ರಿತ ನೈಟ್ರೊ ರೇಸ್ ಕಾರುಗಳಲ್ಲಿ ಅದರದ್ದೇ ದರ್ಬಾರು. ಸ್ಕ್ರೂಡ್ರೈವರ್ ಕೂದಲೆಳೆಯಷ್ಟು ಆಚೆ ತಿರುಗಿದರೆ ಗೆಲುವು, ಇನ್ನೊಂದು ಎಳೆ ತಿರುಗಿದರೆ ಸುಟ್ಟ ಪಿಸ್ಟನ್.

ಒಂದು ಗಂಟೆಯ ಫೈನಲ್. ಮುಕ್ಕಾಲು ಗಂಟೆ ಆಗಲೇ ಮುಗಿದಿದೆ. ಮಣ್ಣಿನ ಟ್ರ್ಯಾಕಿನಲ್ಲಿ ಹತ್ತು ಹನ್ನೆರಡು ಪುಟಾಣಿ ಕಾರುಗಳು ದಿಬ್ಬ ಹಾರುತ್ತ, ಧೂಳೆಬ್ಬಿಸುತ್ತ ಓಡುತ್ತಿವೆ. ಚಾಲಕರು ಎತ್ತರದ ಅಟ್ಟಣಿಗೆ ಮೇಲೆ ರೇಡಿಯೊ ಹಿಡಿದು ಸಾಲಾಗಿ ನಿಂತಿದ್ದಾರೆ. ಕೆಳಗೆ ಪಿಟ್ ಲೇನಿನಲ್ಲಿ ಇಂಧನದ ಗನ್ ಹಿಡಿದ ಮೆಕ್ಯಾನಿಕ್. ಕಾರು ದೂರದ ತಿರುವಿನಲ್ಲಿದ್ದಾಗಲೂ ಅವನ ಕಿವಿ ಅದರ ಬೆನ್ನ ಹಿಂದೆಯೇ ಇದೆ.

ಭರ್ರನೆ ಬಂತು ಕಾರು. ಎತ್ತಿದ, ಮುಚ್ಚಳ ತೆಗೆದ, ಗನ್ ಒತ್ತಿದ, ಇಳಿಸಿದ. ಎರಡೋ ಮೂರೋ ಸೆಕೆಂಡು. ಅಷ್ಟರಲ್ಲಿ ಇಂಜಿನ್ ಆರಬಾರದು. ಆರಿತೋ, ಕಾರನ್ನು ಸ್ಟಾರ್ಟರ್ ಪೆಟ್ಟಿಗೆಯ ಮೇಲಿಟ್ಟು, ಪ್ಲಗ್ ಕಾಯಿಸಿ, ಮತ್ತೆ ಚಾಲೂ ಮಾಡುವ ಹೊತ್ತಿಗೆ ಎದುರಾಳಿ ಕೈಗೆ ಸಿಗದಷ್ಟು ದೂರ.

1:8 ಅಳತೆಯ ಆಫ್‌ರೋಡ್ ಕಾರುಗಳ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1986ರಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಇಂಜಿನ್ 3.5 ಸಿಸಿ ಮೀರುವಂತಿಲ್ಲ, ಟ್ಯಾಂಕಿನಲ್ಲಿ 125 ಮಿಲಿಲೀಟರ್‌ಗಿಂತ ಹೆಚ್ಚು ಇಂಧನ ಹಿಡಿಸುವಂತಿಲ್ಲ. ಎಂಟು ಹತ್ತು ನಿಮಿಷಕ್ಕೊಮ್ಮೆ ಪಿಟ್‌ಗೆ ಬರಲೇಬೇಕು. ಹಾಗಾಗಿ ಈ ಆಟದಲ್ಲಿ ವೇಗದ ಕಾರಿಗಿಂತ ಆರದ ಕಾರು ಮೇಲು. ಆರದಂತೆ ನೋಡಿಕೊಳ್ಳುವುದು ಕಾರ್ಬುರೇಟರಿನ ಎರಡು ಸೂಜಿಗಳು.

ನಮ್ಮಲ್ಲಿ ಕಾರ್ಬುರೇಟರ್ ಈಗ ನೆನಪಿನ ಸಾಮಾನು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುಪಾಲು ಹೊಸ ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂತು. ಗ್ಯಾರೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಆಕ್ಸಿಲರೇಟರ್ ತಿರುವುತ್ತ, ಕಣ್ಣು ಮುಚ್ಚಿ ಸ್ಕ್ರೂ ತಿರುಗಿಸುತ್ತಿದ್ದ ಮೇಸ್ತ್ರಿಯ ಕೈಗೆ ಲ್ಯಾಪ್‌ಟಾಪ್ ಬಂದಿದೆ. ಆ ಹಳೆಯ ವಿದ್ಯೆ ಇನ್ನೂ ನಿತ್ಯ ಬಳಕೆಯಲ್ಲಿರುವ ಕೆಲವೇ ಜಾಗಗಳಲ್ಲಿ ನೈಟ್ರೊ ಕಾರು ಒಂದು. ಅದೂ ಯೆಜ್ಡಿ ಬೈಕಿಗಿಂತ ಎಷ್ಟೋ ಪಟ್ಟು ಹಟಮಾರಿಯಾದ ರೂಪದಲ್ಲಿ.

ಎಷ್ಟು ಹಟಮಾರಿ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್ 250 ಸಿಸಿಯದು, 16 ಅಶ್ವಶಕ್ತಿ. ಅದೂ ಟೂ-ಸ್ಟ್ರೋಕ್, ಇದೂ ಟೂ-ಸ್ಟ್ರೋಕ್. ರೇಸಿನ 3.5 ಸಿಸಿ ಇಂಜಿನ್‌ಗೆ ಎರಡು ಅಶ್ವಶಕ್ತಿಗಿಂತ ಹೆಚ್ಚು ಎನ್ನುತ್ತಾರೆ ತಯಾರಕರು. ಆ ಲೆಕ್ಕದಲ್ಲಿ ರೋಡ್‌ಕಿಂಗ್ 140 ಅಶ್ವಶಕ್ತಿ ಉಗುಳಬೇಕಿತ್ತು! ಈ ಶಕ್ತಿ ಬರುವುದು ವೇಗದಿಂದ. ನಿಮಿಷಕ್ಕೆ 36 ಸಾವಿರ ಸುತ್ತು ಎಂದರೆ ಸೆಕೆಂಡಿಗೆ 600. ಸುತ್ತಿಗೊಂದು ಸ್ಫೋಟ. ಪ್ರತಿ ಸ್ಫೋಟಕ್ಕೂ ಸಿಗುವ ಇಂಧನ ಒಂದು ಮಿಲಿಲೀಟರ್‌ನ ಎರಡು ಸಾವಿರದಲ್ಲೊಂದು ಭಾಗದ ಆಸುಪಾಸು. ಅಷ್ಟನ್ನು ಅಳೆದು ಕೊಡುವುದು ಕೈಯಿಂದ ತಿರುಗಿಸುವ ಒಂದು ಹಿತ್ತಾಳೆ ಸೂಜಿ.

ಕಿಡಿಯಿಲ್ಲದ ಬೆಂಕಿ

ಈ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಕಾಯಿಲ್ ಇಲ್ಲ, ಪಾಯಿಂಟ್ ಇಲ್ಲ. ಓಡುವಾಗ ಬ್ಯಾಟರಿಯ ಹಂಗೂ ಇಲ್ಲ. ತಲೆಯ ಮೇಲೆ ಒಂದು ಗ್ಲೋ ಪ್ಲಗ್ ಇರುತ್ತದೆ, ಅದರೊಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿಸುರುಳಿ. ಚಾಲೂ ಮಾಡುವಾಗ ಮಾತ್ರ ಒಂದೂವರೆ ವೋಲ್ಟ್ ಕೊಟ್ಟು ಅದನ್ನು ಕೆಂಪಗೆ ಕಾಯಿಸಬೇಕು. ಇಂಜಿನ್ ಹಿಡಿದುಕೊಂಡ ಮೇಲೆ ಬ್ಯಾಟರಿ ಕಿತ್ತರೂ ತಂತಿ ಆರುವುದಿಲ್ಲ.

ಇದರ ಬೇರು ಎರಡು ಶತಮಾನ ಹಿಂದಿನದು. ಗಣಿ ಕಾರ್ಮಿಕರ ದೀಪದ ಬೆನ್ನು ಹತ್ತಿದ್ದ ಹಂಫ್ರಿ ಡೇವಿ 1817ರಲ್ಲಿ ಒಂದು ವಿಚಿತ್ರ ಕಂಡ. ಬಿಸಿ ಪ್ಲಾಟಿನಂ ತಂತಿಯನ್ನು ಉರಿಯುವ ಅನಿಲ ಮತ್ತು ಗಾಳಿಯ ಮಿಶ್ರಣದೊಳಗೆ ಇಳಿಬಿಟ್ಟರೆ ಜ್ವಾಲೆಯೇ ಇಲ್ಲದೆ ತಂತಿ ಕೆಂಡವಾಗಿ ಉಳಿಯುತ್ತಿತ್ತು. ಲೋಹ ತಾನು ಉರಿಯದೆ ಉರಿಯನ್ನು ನಡೆಸುತ್ತಿತ್ತು. ನೈಟ್ರೊ ಕಾರಿನ ಇಂಧನದ ಬಹುಪಾಲಾದ ಮೆಥನಾಲ್‌ನ ಆವಿಗೂ ಪ್ಲಾಟಿನಂ ಮಾಡುವುದು ಇದನ್ನೇ. 1947ರಲ್ಲಿ ಅಮೆರಿಕದ ರೇ ಆರ್ಡನ್ ಇದನ್ನು ಮಾದರಿ ವಿಮಾನದ ಇಂಜಿನ್‌ಗೆ ಪ್ಲಗ್ ಮಾಡಿ ಮಾರುಕಟ್ಟೆಗೆ ತಂದ. ಅಲ್ಲಿಯವರೆಗೆ ಪುಟ್ಟ ವಿಮಾನಗಳು ಕಾಯಿಲ್, ಕಂಡೆನ್ಸರ್, ಬ್ಯಾಟರಿಗಳನ್ನೂ ಹೊತ್ತು ಏದುಸಿರು ಬಿಡುತ್ತ ಹಾರಬೇಕಿತ್ತು.

ಭಾರವೇನೋ ಇಳಿಯಿತು. ಆದರೆ ಕಿಡಿ ಯಾವಾಗ ಹಾರಬೇಕು ಎಂದು ಹೇಳುವ ಯಂತ್ರವೂ ಅದರ ಜೊತೆಗೇ ಹೋಯಿತು. ಈಗ ಹೊತ್ತಿಕೊಳ್ಳುವ ಗಳಿಗೆಯನ್ನು ತೀರ್ಮಾನಿಸುವುದು ಪ್ಲಗ್ಗಿನ ಕಾವು, ಒತ್ತಡ ಮತ್ತು ಮಿಶ್ರಣದ ಹದ. ಇಂಧನ ಕಡಿಮೆಯಾದರೆ ತಂತಿ ಇನ್ನಷ್ಟು ಕಾಯುತ್ತದೆ, ಮಿಶ್ರಣ ಬೇಗ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸ್ಫೋಟ ಅದರ ತಲೆಗೆ ಬಡಿಯುತ್ತದೆ.

ಇನ್ನೊಂದು ತೊಡಕು ಎಣ್ಣೆಯದು. ಕಾರಿನ ಇಂಜಿನ್‌ಗೆ ಇರುವಂತೆ ಇದಕ್ಕೆ ಬೇರೆ ಆಯಿಲ್ ಚೇಂಬರ್ ಇಲ್ಲ. ಎಣ್ಣೆ ಇಂಧನದಲ್ಲೇ ಬೆರೆತಿರುತ್ತದೆ. ಒಂದಷ್ಟು ಸಿಂಥೆಟಿಕ್, ಒಂದಷ್ಟು ನಮ್ಮ ಹರಳೆಣ್ಣೆಯೇ! ಬೇರೆ ಎಣ್ಣೆಗಳು ಸುಟ್ಟುಹೋಗುವ ಕಾವಿನಲ್ಲೂ ಹರಳೆಣ್ಣೆ ಲೋಹವನ್ನು ಬಿಡದೆ ಅಂಟಿಕೊಂಡಿರುತ್ತದೆ. ನೈಟ್ರೊ ಕಾರಿನ ಹೊಗೆಗೆ ಆ ವಿಶಿಷ್ಟ ಘಾಟು ಬರುವುದು ಅದರಿಂದಲೂ ಹೌದು. ಇಂಧನ ಕಡಿಮೆ ಮಾಡಿದಿರೋ, ಎಣ್ಣೆಯೂ ಕಡಿಮೆಯಾಯಿತು ಎಂದೇ ಲೆಕ್ಕ.

ತಂಪೂ ಅಲ್ಲಿಂದಲೇ ಬರಬೇಕು. ಮೆಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಕಾವನ್ನು ಹೀರಿಕೊಳ್ಳುತ್ತದೆ. ಉರಿಯದೆ ಹೊರಟುಹೋಗುವ ಹೆಚ್ಚುವರಿ ಇಂಧನ ಹೋಗುವಾಗ ಇಂಜಿನ್ನಿನ ಬಿಸಿಯನ್ನೂ ಹೊತ್ತೊಯ್ಯುತ್ತದೆ.

ಹೀಗೆ ಬೈಕಿನ ಕಾರ್ಬುರೇಟರ್ ಸ್ಕ್ರೂಗೆ ಒಂದೇ ಕೆಲಸವಾದರೆ ಇಲ್ಲಿನ ಸೂಜಿಗೆ ನಾಲ್ಕು: ಇಂಧನ ಕೊಡಬೇಕು, ಎಣ್ಣೆ ಕೊಡಬೇಕು, ತಂಪು ಮಾಡಬೇಕು, ಬೆಂಕಿ ಹೊತ್ತುವ ಗಳಿಗೆಯನ್ನೂ ನಿಭಾಯಿಸಬೇಕು. ಒಂದನ್ನು ಸರಿಮಾಡಲು ಹೋದರೆ ಉಳಿದ ಮೂರೂ ಅಲುಗುತ್ತವೆ. ನೈಟ್ರೊ ಟ್ಯೂನಿಂಗ್ ಕಷ್ಟ ಎನ್ನುವುದಕ್ಕೆ ಇರುವ ಕಾರಣ ಇಷ್ಟೇ, ಇದರಾಚೆ ಮಾಯಮಂತ್ರ ಏನೂ ಇಲ್ಲ.

> ಆಮ್ಲಜನಕ ಜೇಬಿನಲ್ಲೇ!
> ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಗಾಳಿ 14.7 ಕೆ.ಜಿ. ಮೆಥನಾಲ್‌ಗೆ ಸುಮಾರು 6.5 ಕೆ.ಜಿ. ಸಾಕು. ನೈಟ್ರೊಮೀಥೇನ್‌ಗೆ ಬರೀ 1.7! ಅದರ ಅಣುವಿನೊಳಗೇ ಆಮ್ಲಜನಕ ಕೂತಿದೆ. ತೂಕಕ್ಕೆ ತೂಕ ನೋಡಿದರೆ ನೈಟ್ರೊಮೀಥೇನ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಕಾಲು ಭಾಗ. ಆದರೆ ಅಷ್ಟೇ ಗಾಳಿಯಲ್ಲಿ ಎಂಟು ಪಟ್ಟಿಗೂ ಹೆಚ್ಚು ಸುಡಬಹುದಾದ್ದರಿಂದ ಕೊನೆಗೆ ಸಿಗುವ ಶಕ್ತಿ ಎರಡು ಪಟ್ಟಿಗೂ ಮೀರುತ್ತದೆ. ಆರ್‌ಸಿ (ರೇಡಿಯೊ ಕಂಟ್ರೋಲ್) ಕಾರಿನ ಇಂಧನದಲ್ಲಿ ಅದು ಸಾಮಾನ್ಯವಾಗಿ ಶೇ 10ರಿಂದ 30ರವರೆಗೆ. ಉಳಿದದ್ದು ಮೆಥನಾಲ್ ಮತ್ತು ಎಣ್ಣೆ.

ಮೊದಲು ದೊಡ್ಡದು, ಆಮೇಲೆ ಚಿಕ್ಕದು

ಕಾರ್ಬುರೇಟರಿನಲ್ಲಿ ಮುಖ್ಯವಾಗಿ ಮೂರು ಸ್ಕ್ರೂ. ಪೂರ್ತಿ ವೇಗದ ಇಂಧನಕ್ಕೆ ಹೈ-ಸ್ಪೀಡ್ ಸೂಜಿ, ಕಡಿಮೆ ವೇಗಕ್ಕೆ ಲೋ-ಸ್ಪೀಡ್ ಸೂಜಿ, ಥ್ರಾಟಲ್ ಎಷ್ಟು ಮುಚ್ಚಬೇಕು ಎಂದು ತಡೆಯುವ ಐಡ್ಲಿಂಗ್ ಸ್ಕ್ರೂ. ಸೂಜಿಯನ್ನು ಬಲಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಅಂದರೆ ಲೀನ್. ಎಡಕ್ಕೆ ತಿರುಗಿಸಿದರೆ ಹೆಚ್ಚು, ಅಂದರೆ ರಿಚ್.

ಹೊಸಬರು ಮೊದಲು ಕೈಹಾಕುವುದೇ ಐಡ್ಲಿಂಗ್ ಸ್ಕ್ರೂಗೆ. ಕಾರು ನಿಂತಲ್ಲೇ ಆರಿಹೋಗುತ್ತಿದೆ ಎಂದರೆ ಐಡ್ಲಿಂಗ್ ಏರಿಸುವುದು ಸಹಜವೇ. ಆದರೆ ರೋಗ ಅಲ್ಲಿರುವುದು ಅಪರೂಪ. ಲೋ-ಸ್ಪೀಡ್ ಸೂಜಿ ರಿಚ್ ಆಗಿದ್ದರೆ ಇಂಜಿನ್ ನಿಂತಲ್ಲಿ ಇಂಧನ ಕುಡಿದು ಕುಡಿದು ಮುಳುಗುತ್ತದೆ. ಅದನ್ನು ಮುಚ್ಚಿಹಾಕಲು ಥ್ರಾಟಲನ್ನು ತೆರೆದಿಟ್ಟರೆ ಕಾರು ಬ್ರೇಕ್ ಹಾಕಿದರೂ ಮುಂದಕ್ಕೆ ಜಗ್ಗುತ್ತದೆ, ಕ್ಲಚ್ ಸವೆಯುತ್ತದೆ, ಮೂಲ ತಪ್ಪು ಹಾಗೇ ಉಳಿಯುತ್ತದೆ. ಗಾಳಿಯ ಬಾಯಿಯೊಳಗೆ ಇಣುಕಿ ನೋಡಿ, ಥ್ರಾಟಲ್ ಮುಚ್ಚಿದಾಗ ಒಂದು ಮಿಲಿಮೀಟರೋ ಅದಕ್ಕಿಂತ ತುಸು ಕಡಿಮೆಯೋ ಸಂದು ಉಳಿಯುವಂತೆ ಐಡ್ಲಿಂಗ್ ಸ್ಕ್ರೂ ಇಟ್ಟು, ಅದನ್ನು ಸ್ವಲ್ಪ ಹೊತ್ತು ಮರೆತುಬಿಡುವುದೇ ಒಳ್ಳೆಯದು.

ಟ್ಯೂನಿಂಗ್‌ಗೆ ಮುಂಚೆ ಇಂಜಿನ್ ಚೆನ್ನಾಗಿ ಬಿಸಿಯಾಗಬೇಕು. ಇದು ಬರೀ ಶಾಸ್ತ್ರವಲ್ಲ. ಈ ಇಂಜಿನ್‌ಗಳ ಪಿಸ್ಟನ್ ಅಲ್ಯುಮಿನಿಯಂನದು; ಸ್ಲೀವ್ ಹಿತ್ತಾಳೆಯದು, ಒಳಮೈಗೆ ಕ್ರೋಮ್ ಲೇಪ. ಸ್ಲೀವ್ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಕಿರಿದು. ತಣ್ಣಗಿದ್ದಾಗ ಪಿಸ್ಟನ್ ಅಲ್ಲಿ ಕಚ್ಚಿಕೊಳ್ಳುತ್ತದೆ. ಬಿಸಿಯಾದಾಗ ಹಿತ್ತಾಳೆ ಹಿಗ್ಗಿ, ಅಳತೆ ಹದಕ್ಕೆ ಬರುತ್ತದೆ. ಪಿಸ್ಟನ್ ರಿಂಗ್ ಇಲ್ಲದೆಯೇ ಒತ್ತಡ ನಿಲ್ಲುವುದು ಈ ಜಾಣ್ಮೆಯಿಂದ. ತಣ್ಣನೆಯ ಇಂಜಿನ್ನನ್ನು ಎಳೆದಾಡಿಸುವವರು ತಮ್ಮ ದುಡ್ಡನ್ನೇ ಉಜ್ಜುತ್ತಿರುತ್ತಾರೆ. ಅದಕ್ಕೇ ರೇಸಿನವರು ಹೀಟ್ ಗನ್ ಹಿಡಿದು ಮೊದಲೇ ಇಂಜಿನ್ ಕಾಯಿಸುತ್ತಾರೆ.

ಬಿಸಿಯಾದ ಮೇಲೆ ಮೊದಲ ಸರದಿ ಹೈ-ಸ್ಪೀಡ್ ಸೂಜಿಯದು. ಇಂಧನ ಮೊದಲು ಹಾಯುವುದು ಅದನ್ನೇ, ಲೋ-ಸ್ಪೀಡ್ ಸೂಜಿಗೆ ಸಿಗುವುದು ಅಲ್ಲಿಂದ ಉಳಿದು ಬಂದದ್ದು. ದೊಡ್ಡ ನಲ್ಲಿ ಸರಿಯಿಲ್ಲದೆ ಚಿಕ್ಕ ನಲ್ಲಿಯನ್ನು ತಿರುಗಿಸಿ ಉಪಯೋಗವಿಲ್ಲ. ಕಂಪನಿ ಹೇಳಿದಷ್ಟು ಸುತ್ತು ಬಿಚ್ಚಿ, ಬೇಕೆಂದೇ ರಿಚ್‌ನಿಂದ ಶುರು ಮಾಡಬೇಕು. ಉದ್ದದ ನೇರ ದಾರಿಯಲ್ಲಿ ಪೂರ್ತಿ ಥ್ರಾಟಲ್. ಕಾರು ಗೊರಗೊರ ಎನ್ನುತ್ತ, ದಟ್ಟ ಹೊಗೆ ಬಿಡುತ್ತ, ಮನಸ್ಸಿಲ್ಲದೆ ಓಡಿದರೆ ರಿಚ್. ಆಗ ಗಡಿಯಾರದ ಮುಳ್ಳಿನ ಒಂದು ಗಂಟೆಯಷ್ಟು, ಅಂದರೆ ಸುತ್ತಿನ ಹನ್ನೆರಡನೇ ಒಂದು ಭಾಗ ಬಿಗಿ. ಮತ್ತೆ ಎರಡು ಸುತ್ತು ಓಡಿಸು. ಮತ್ತೆ ಒಂದು ಗಂಟೆ. ಸ್ವರ ಗಟ್ಟಿಯಾಗುತ್ತದೆ, ಎಳೆತ ಹೆಚ್ಚುತ್ತದೆ, ಹಿಂದೆ ತೆಳ್ಳನೆಯ ಹೊಗೆಯ ಎಳೆ ಉಳಿಯುತ್ತದೆ. ಆ ಎಳೆ ಕಾಣುವವರೆಗೆ ಮಾತ್ರ ಬಿಗಿಯಬೇಕು.

ಅಪಾಯ ಇರುವುದು ಇಲ್ಲೇ. ಲೀನ್ ಮಾಡಿದಷ್ಟೂ ಇಂಜಿನ್ ಚುರುಕಾಗುತ್ತ ಹೋಗುತ್ತದೆ. ಕೆಡುವ ಒಂದು ಗೆರೆ ಮುಂಚೆ ಅದು ಜೀವಮಾನದಲ್ಲೇ ಅತ್ಯುತ್ತಮವಾಗಿ ಓಡುತ್ತದೆ!

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಟೆಕ್ ಫೆಸ್ಟ್‌ಗಳಲ್ಲಿ ಐಸಿ (ಅಂತರ್ದಹನ) ಇಂಜಿನ್ ಆರ್‌ಸಿ ಕಾರುಗಳ ಸ್ಪರ್ಧೆ ನೋಡಿದವರಿಗೆ ಈ ದೃಶ್ಯ ಗೊತ್ತು. "ಮಗಾ, ಇನ್ನೊಂಚೂರು ಟೈಟ್ ಮಾಡು, ನೋಡು ಹೆಂಗೆ ಎಳೀತಿದೆ!" ಎಂದು ಒಬ್ಬ. "ಹೊಗೇನೇ ಬರ್ತಿಲ್ವಲ್ಲೋ?" ಎಂದು ಇನ್ನೊಬ್ಬ. ಮಾತು ಮುಗಿಯುವ ಮುಂಚೆ ನೇರ ದಾರಿಯ ತುದಿಯಲ್ಲಿ ಕಾರು ಸಟ್ಟನೆ ಸೊರಗಿ, ಕಿರ್ರೆಂದು ನಿಲ್ಲುತ್ತದೆ. ಹೊಗೆಯಿಲ್ಲದ್ದನ್ನು ಕಂಡವನ ಮಾತಿಗೆ ಬೆಲೆ ಬರುವುದು ಯಾವಾಗಲೂ ಆಮೇಲೆಯೇ.

ಹೈ-ಸ್ಪೀಡ್ ಒಂದು ಹದಕ್ಕೆ ಬಂತು ಎನ್ನಿ. ಈಗ ಲೋ-ಸ್ಪೀಡ್. ಇದಕ್ಕೆ ಹಳಬರ ಒಂದು ಸೊಗಸಾದ ಪರೀಕ್ಷೆಯಿದೆ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕಾರ್ಬುರೇಟರಿನ ಪಕ್ಕದಲ್ಲೇ ಇಂಧನದ ಟ್ಯೂಬನ್ನು ಬೆರಳಲ್ಲಿ ಅದುಮಿ ಹಿಡಿಯುವುದು. ಹದ ಸರಿಯಿದ್ದರೆ ಎರಡು ಮೂರು ಸೆಕೆಂಡು ಹಾಗೇ ನಡೆದು, ಸ್ವರ ತುಸು ಏರಿ, ಆರುತ್ತದೆ. ಅದುಮಿದ ತಕ್ಷಣ ಆರಿದರೆ ಲೀನ್. ಅದುಮಿದ ಮೇಲೂ ಬಹಳ ಹೊತ್ತು ಬಿಡದೆ, ಸ್ವರ ಏರುತ್ತಲೇ ಹೋದರೆ ಒಳಗೆ ಇಂಧನ ಕಟ್ಟಿಕೊಂಡಿದೆ, ರಿಚ್. ಯಾವ ಉಪಕರಣವೂ ಬೇಡ. ಇಷ್ಟು ಅಗ್ಗದ, ಇಷ್ಟು ನಿಖರವಾದ ಪರೀಕ್ಷೆ ಯಂತ್ರಶಾಸ್ತ್ರದಲ್ಲಿ ಕಡಿಮೆ ಎಂದೇ ನನ್ನ ಎಣಿಕೆ.

ಆಮೇಲೆ ಹತ್ತು ಸೆಕೆಂಡು ಐಡ್ಲಿಂಗ್‌ನಲ್ಲಿ ಬಿಟ್ಟು ಸಟ್ಟನೆ ಥ್ರಾಟಲ್ ಕೊಡಬೇಕು. ಹೊಗೆಯುಗುಳಿ ಬುಡುಬುಡು ಎಂದು ತಡವರಿಸಿ ಎದ್ದರೆ ರಿಚ್. ಹೊಗೆಯೇ ಇಲ್ಲದೆ ಒಮ್ಮೆ ಗಂಟಲು ಕಟ್ಟಿದಂತಾಗಿ ಆರಿದರೆ ಲೀನ್. ಎರಡೂ ಕಾಣಲು ಒಂದೇ ಥರದ ತಡವರಿಕೆ, ಮದ್ದು ಮಾತ್ರ ಉಲ್ಟಾ. ನೈಟ್ರೊ ಇಂಜಿನ್‌ಗಳನ್ನು ಅತಿ ಹೆಚ್ಚು ಹಾಳು ಮಾಡುವುದು ಈ ಗೊಂದಲವೇ ಇರಬೇಕು.

ಕೊನೆಗೆ ಐಡ್ಲಿಂಗ್ ಹದ, ಆಮೇಲೆ ಮತ್ತೊಮ್ಮೆ ಹೈ-ಸ್ಪೀಡ್ ತಪಾಸಣೆ. ಲೋ-ಸ್ಪೀಡ್ ಮುಟ್ಟಿದ ಮೇಲೆ ಅದೂ ಅಲುಗಿರುತ್ತದೆ.

> ಇಂಜಿನ್ ಏನನ್ನುತ್ತಿದೆ?
> ಥ್ರಾಟಲ್ ಬಿಟ್ಟ ಮೇಲೂ ಸ್ವರ ಇಳಿಯದೆ ಮೇಲೆಯೇ ತೂಗಾಡುತ್ತಿದ್ದರೆ: ಲೋ-ಸ್ಪೀಡ್ ಲೀನ್, ಅಥವಾ ಎಲ್ಲೋ ಗಾಳಿ ಸೋರುತ್ತಿದೆ. ಕಾರ್ಬುರೇಟರಿನ ಬುಡ, ಟ್ಯೂಬ್, ಟ್ಯಾಂಕಿನ ಮುಚ್ಚಳ ನೋಡಿ.
> ನಿಂತಲ್ಲೇ ಸ್ವರ ಕುಸಿಯುತ್ತ ಕುಸಿಯುತ್ತ ಆರಿದರೆ: ಲೋ-ಸ್ಪೀಡ್ ರಿಚ್.
> ಗ್ಲೋ ಪ್ಲಗ್ ತಂತಿ ಒದ್ದೆಯಾಗಿ ಹೊಳೆಯುತ್ತಿದ್ದರೆ ರಿಚ್. ಬೂದಿ ಬಣ್ಣಕ್ಕೆ ತಿರುಗಿ ಸುರುಳಿ ಸೊಟ್ಟಗಾಗಿದ್ದರೆ ಲೀನ್.
> ಸೂಜಿಯನ್ನು ಕೊನೆಯವರೆಗೆ ಒತ್ತಿ ಬಿಗಿಯಬೇಡಿ. ಅದು ಕೂರುವ ಜಾಗ ಒಮ್ಮೆ ಗಾಯವಾದರೆ ಯಾವ ಟ್ಯೂನಿಂಗೂ ನಿಲ್ಲದು.

ಕಾವಿನ ಲೆಕ್ಕ

ಈಗ ಎಲ್ಲರ ಕೈಯಲ್ಲೂ ಇನ್ಫ್ರಾರೆಡ್ ಥರ್ಮಾಮೀಟರ್ ಇದೆ. ಇಂಜಿನ್ ತಲೆಗೆ ಗುರಿಯಿಟ್ಟರೆ ಸಂಖ್ಯೆ ಬರುತ್ತದೆ. 100ರಿಂದ 120 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಕ್ಷೇಮ ಎನ್ನುವುದು ರೂಢಿ. ಈ ಥರ್ಮಾಮೀಟರ್ ಬರುವ ಮುಂಚೆ ಮಾಡುತ್ತಿದ್ದುದು ನಮ್ಮ ಅಡುಗೆಮನೆಯ ಉಪಾಯ: ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಇಂಜಿನ್ ತಲೆಗೆ ಒಂದು ಹನಿ. ಮೂರು ನಾಲ್ಕು ಸೆಕೆಂಡಿನಲ್ಲಿ ಕುದಿದು ಆರಿದರೆ ಹದ, ಚುಯ್ ಎಂದು ಕಣ್ಣೆದುರೇ ಮಾಯವಾದರೆ ಹೆಚ್ಚು ಕಾದಿದೆ.

ಸಂಖ್ಯೆಗೆ ಜೋತುಬೀಳುವುದೂ ತಪ್ಪೇ. ತಂಪು ಗಾಳಿಯ ದಿನ ಲೀನ್ ಇಂಜಿನ್ ಕೂಡ ನೂರರ ಕೆಳಗೆ ತೋರಿಸಬಹುದು. ಸುಡುಬಿಸಿಲಲ್ಲಿ ಸರಿಯಾದ ಇಂಜಿನ್ನೇ 120 ದಾಟಬಹುದು. ಥರ್ಮಾಮೀಟರ್ ಒಬ್ಬ ಸಾಕ್ಷಿ ಮಾತ್ರ. ಹೊಗೆ, ಸ್ವರ, ಎಳೆತ, ಪ್ಲಗ್ಗಿನ ತಂತಿ, ಇವರನ್ನೂ ಕರೆದು ವಿಚಾರಿಸಬೇಕು.

ಗಾಳಿಯ ವಿಷಯಕ್ಕೆ ಬಂದರೆ ಕರ್ನಾಟಕದ ಭೂಗೋಳವೇ ಒಂದು ಪಾಠ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರ. ಅಲ್ಲಿನ ವಾಯುಭಾರ ಮಂಗಳೂರಿನದಕ್ಕಿಂತ ಸುಮಾರು ಶೇ 10ರಷ್ಟು ಕಡಿಮೆ. ಗಾಳಿ ತೆಳು, ಆಮ್ಲಜನಕ ಕಡಿಮೆ, ಬೇಕಾಗುವ ಇಂಧನವೂ ಕಡಿಮೆ. ಬೆಂಗಳೂರಿನಲ್ಲಿ ಅಂಚಿಗೆ ಟ್ಯೂನ್ ಮಾಡಿದ ಕಾರನ್ನು ಶಿರಾಡಿ ಘಾಟಿ ಇಳಿಸಿ ಮಂಗಳೂರಿನಲ್ಲಿ ಹಾಗೇ ಓಡಿಸಿದರೆ, ದಟ್ಟ ಗಾಳಿಗೆ ಇಂಧನ ಸಾಲದೆ ಅದು ಲೀನ್. ಕಡಲ ತೇವ ಸ್ವಲ್ಪ ಆಮ್ಲಜನಕವನ್ನು ಕಸಿದು ಕಾಪಾಡುತ್ತದೆ, ಆದರೆ ಎತ್ತರದ ವ್ಯತ್ಯಾಸ ತುಂಬುವಷ್ಟಲ್ಲ. ಮಂಗಳೂರಿನ ಕಾರು ಬೆಂಗಳೂರಿಗೆ ಬಂದರೆ ಮಂಕಾಗುತ್ತದೆ ಅಷ್ಟೇ, ಸುಡುವುದಿಲ್ಲ. ಇಳಿಯುವ ಮುಂಚೆ ಸೂಜಿ ಬಿಚ್ಚು ಎನ್ನುವುದು ಅದಕ್ಕೇ.

ಊರು ಬಿಟ್ಟು ಹೋಗಬೇಕೆಂದೂ ಇಲ್ಲ. ಫೆಸ್ಟ್‌ನ ಹಿಂದಿನ ದಿನದ ಮಧ್ಯಾಹ್ನದ ಬಿಸಿಲಲ್ಲಿ ಕೂತು ಟ್ಯೂನ್ ಮಾಡಿ, ಮರುದಿನ ಬೆಳಗಿನ ತಣ್ಣನೆ ದಟ್ಟ ಗಾಳಿಯಲ್ಲಿ ಅದೇ ಸೂಜಿಯಲ್ಲಿ ಓಡಿಸಿದರೂ ಆಗುವುದು ಇದೇ. ವಿಶ್ವ ಚಾಂಪಿಯನ್‌ಶಿಪ್ 2010ರಲ್ಲಿ ಥಾಯ್ಲೆಂಡಿನ ಪಟ್ಟಾಯದ ಕಡಲ ತೇವದಲ್ಲಿ ನಡೆಯಿತು, 2016ರಲ್ಲಿ ಲಾಸ್ ವೇಗಸ್‌ನ ಮರುಭೂಮಿಯ ಒಣಗಾಳಿಯಲ್ಲಿ. ಅಲ್ಲಿಗೆ ಇಲ್ಲಿಯ ಸೂಜಿ ಲೆಕ್ಕವನ್ನು ಬರೆದುಕೊಂಡು ಹೋಗಿ ಏನು ಪ್ರಯೋಜನ?

ಟ್ಯಾಂಕಿನ ಮಟ್ಟ ಕೂಡ ಹದ ಕೆಡಿಸುತ್ತದೆ. ಸೈಲೆನ್ಸರ್ ಪೈಪಿನಿಂದ ಒಂದು ಸಣ್ಣ ಟ್ಯೂಬ್ ಟ್ಯಾಂಕಿಗೆ ಹೋಗುತ್ತದೆ. ಹೊಗೆಯ ಒತ್ತಡವೇ ಇಂಧನವನ್ನು ಕಾರ್ಬುರೇಟರಿಗೆ ನೂಕುತ್ತದೆ. ಟ್ಯಾಂಕ್ ಖಾಲಿಯಾಗುತ್ತ ಬಂದಂತೆ ಮಿಶ್ರಣ ತುಸು ಲೀನ್ ಆಗುತ್ತದೆ. ಪಿಟ್‌ನಲ್ಲಿ ಮುಚ್ಚಳ ತೆರೆದ ಕ್ಷಣ ಒತ್ತಡವೇ ಹೋಗುತ್ತದೆ. ಐಡ್ಲಿಂಗ್ ತೀರಾ ಅಂಚಿನಲ್ಲಿದ್ದರೆ ಇಂಧನ ತುಂಬುತ್ತಿರುವಾಗಲೇ ಇಂಜಿನ್ ಆರುವುದು ಇದರಿಂದ. ಅನುಭವಸ್ಥರು ರೇಸಿಗೆ ಇಳಿಯುವ ಮುಂಚೆ ಮುಚ್ಚಳ ತೆರೆದು ಆರುತ್ತದೆಯೋ ಇಲ್ಲವೋ ಎಂದು ನೋಡಿಯೇ ಬಿಡುತ್ತಾರೆ.

ಆ ಉಬ್ಬಿದ ಸೈಲೆನ್ಸರ್ ಪೈಪಿಗೂ ಒಂದು ಪತ್ತೇದಾರಿ ಕಥೆಯಿದೆ. ಹೊಗೆಯ ಅಲೆ ಹಿಂದಿರುಗಿ ಬಂದು, ಸೋರಿಹೋಗುತ್ತಿದ್ದ ತಾಜಾ ಮಿಶ್ರಣವನ್ನು ಸಿಲಿಂಡರಿಗೇ ವಾಪಸ್ ನೂಕುವ ವಿದ್ಯೆಯನ್ನು ಪಳಗಿಸಿದವ ಪೂರ್ವ ಜರ್ಮನಿಯ ಎಂಜೆಡ್ ಮೋಟಾರ್‌ಸೈಕಲ್ ಕಂಪನಿಯ ವಾಲ್ಟರ್ ಕಾಡನ್. ಅವನ ರೇಸರ್ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ ರೇಸಿನಿಂದಲೇ ಪರಾರಿಯಾಗಿ, ಆ ವಿದ್ಯೆಯೊಂದಿಗೆ ಸುಝುಕಿ ಸೇರಿದ. ಮರುವರ್ಷ 50 ಸಿಸಿ ವಿಭಾಗದಲ್ಲಿ ಸುಝುಕಿ ವಿಶ್ವ ಚಾಂಪಿಯನ್! ಸುಝುಕಿಯ ಟೂ-ಸ್ಟ್ರೋಕ್ ಬೈಕು ನಮ್ಮ ನೆರೆಯ ಹೊಸೂರಿನಲ್ಲಿ ತಯಾರಾಗಿ ರಸ್ತೆಗಿಳಿದದ್ದು 1984ರಲ್ಲಿ.

> ಎಚ್ಚರ!
> ಇಂಧನದ ಬಹುಪಾಲು ಮೆಥನಾಲ್. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿಯಲ್ಲಿದ್ದ ವಿಷವೂ ಇದೇ. ಕೆಲವೇ ಮಿಲಿಲೀಟರ್ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. ಚರ್ಮದ ಮೂಲಕವೂ ಒಳಸೇರುತ್ತದೆ, ಕೈಗವಸು ಇರಲಿ. ಹಗಲಲ್ಲಿ ಮೆಥನಾಲ್ ಬೆಂಕಿ ಕಣ್ಣಿಗೆ ಕಾಣುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಇಂಜಿನ್ ಓಡಿಸಬೇಡಿ, ಬಾಟಲಿಯನ್ನು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ.

ಶೇ 16ರ ಗೆರೆ

1999ರಲ್ಲಿ ಟ್ರ್ಯಾಕ್ಸಸ್ ಕಂಪನಿಯ ಟಿ-ಮ್ಯಾಕ್ಸ್ ಎಂಬ ನೈಟ್ರೊ ಮಾದರಿ ಬಂದ ಮೇಲೆ ಅಮೆರಿಕದ ಮನೆಯಂಗಳಗಳಲ್ಲೆಲ್ಲ ನೈಟ್ರೊ ಹೊಗೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿಯೂ ಬ್ರಶ್‌ಲೆಸ್ ಮೋಟಾರೂ ಬಂದು ಆಟದ ಬಹುಭಾಗವನ್ನು ಕಿತ್ತುಕೊಂಡವು. ಬ್ಯಾಟರಿ ಕಾರು ಸ್ವಿಚ್ ಒತ್ತಿದರೆ ಓಡುತ್ತದೆ, ಬೆಂಗಳೂರಾದರೇನು ಮಂಗಳೂರಾದರೇನು. ಮಗುವಿಗೆ ಮೊದಲ ಆರ್‌ಸಿ ಕಾರು ಕೊಡಿಸುವವರು ಅದನ್ನೇ ಕೊಡಿಸಲಿ. ಆಡುವ ಹೊತ್ತೆಲ್ಲ ರಿಪೇರಿಯಲ್ಲಿ ಕಳೆಯಲು ಎಲ್ಲರಿಗೂ ಇಷ್ಟವಿರಬೇಕಿಲ್ಲ.

ರೇಸಿನವರು ಮಾತ್ರ ನೈಟ್ರೊ ಬಿಟ್ಟಿಲ್ಲ. ಅವರಿಗೆ ಹೊಸ ತಲೆನೋವು ಬಂದದ್ದು ಕಾನೂನಿನಿಂದ. ನೈಟ್ರೊಮೀಥೇನ್ ಸ್ಫೋಟಕ ತಯಾರಿಕೆಗೂ ಒದಗುವ ರಾಸಾಯನಿಕ. ಹಾಗಾಗಿ ಯುರೋಪಿಯನ್ ಒಕ್ಕೂಟ 2021ರ ಫೆಬ್ರುವರಿ 1ರಿಂದ ಸಾಮಾನ್ಯ ಜನರ ಕೈಗೆ ಪರವಾನಗಿಯಿಲ್ಲದೆ ಸಿಗುವ ಮಿಶ್ರಣದಲ್ಲಿ ಅದರ ಪಾಲನ್ನು ತೂಕದ ಶೇ 16ಕ್ಕೆ ಇಳಿಸಿತು. ಮುಂಚಿನ ಮಿತಿ ಶೇ 30.

ನೈಟ್ರೊ ಕಡಿಮೆಯಾದರೆ ಅದೇ ಗಾಳಿಗೆ ಬೇಕಾಗುವ ಇಂಧನದ ಪ್ರಮಾಣವೂ ಇಳಿಯುತ್ತದೆ, ಸೂಜಿ ಬಿಗಿಯಾಗಬೇಕು. ಹೊತ್ತಿಕೊಳ್ಳುವ ಗಳಿಗೆ ತಡವಾಗುತ್ತದೆ, ತಲೆಯಡಿಯ ತೆಳ್ಳನೆಯ ಶಿಮ್ ತೆಗೆದು ಒತ್ತಡ ಏರಿಸಬೇಕು, ಪ್ಲಗ್ ಬದಲಿಸಬೇಕು. ಐಡ್ಲಿಂಗ್ ಮೊದಲಿನಷ್ಟು ನಯವಾಗಿ ನಿಲ್ಲುವುದಿಲ್ಲ, ಲೋ-ಸ್ಪೀಡ್ ಸೂಜಿಗೂ ಹೊಸ ಜಾಗ ಹುಡುಕಬೇಕು. ದಶಕಗಳಿಂದ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದ ಸುತ್ತಿನ ಲೆಕ್ಕಗಳು ಒಂದೇ ದಿನದಲ್ಲಿ ಹಳತಾದವು; ಯುರೋಪಿನ ರೇಸರ್‌ಗಳು ಸೂಜಿಯನ್ನು ರಿಚ್‌ಗೆ ಬಿಚ್ಚಿ, ಒಂದೊಂದೇ ಗಂಟೆ ಬಿಗಿಯುತ್ತ ಮೊದಲಿಂದ ಶುರು ಮಾಡಿದರು.